ಆಪರೇಷನ್ನಿಗೆ ಕಾಯುವ ದಿನಗಳ ಊಟ

ಸಿರುಗುಪ್ಪ ತಾಲ್ಲೂಕಿನ ಕರೂರು ಹೋಬಳಿಯಲ್ಲಿ ಭತ್ತದ ಚೀಲ ಅಂದರೆ 75 ಕಿಲೊ. ತೂಕ ಹಾಕುವಾಗ ಅರ್ಧ ಕಿಲೊ ಆಚೀಚೆ ಆದರೂ ರೈತನಿಗೂ ದಲ್ಲಾಳಿಗೂ ಮಾತಿಗೆ ಮಾತು ಬೆಳೆಯುತ್ತದೆ. ತೇವಕ್ಕೆಷ್ಟು, ಖಾಲಿ ಚೀಲಕ್ಕೆಷ್ಟು ಕಳೆಯಬೇಕು ಎಂಬ ಲೆಕ್ಕ ಚಿಕ್ಕ ಹುಡುಗರ ಬಾಯಲ್ಲೂ ಇರುತ್ತದೆ. ಅದೇ ಮನೆಯ ಯಜಮಾನನ ಮೈತೂಕ ಎಷ್ಟು ಎಂದು ಕೇಳಿ ನೋಡಿ, ಯಾರಿಗೂ ಗೊತ್ತಿರುವುದಿಲ್ಲ. ಬಾಯಲ್ಲಿ ಹುಣ್ಣಾಗಿ ರೊಟ್ಟಿ ಬಿಟ್ಟು ಅನ್ನಕ್ಕೆ, ಅನ್ನ ಬಿಟ್ಟು ಗಂಜಿಗೆ ಇಳಿದವನು ಎಷ್ಟು ಕಿಲೊ ಕಳೆದುಕೊಂಡ ಎಂಬುದು ಅಂಗಿ ಜೋತುಬಿದ್ದಾಗ, ಉಡಿದಾರ ಜಾರಿದಾಗ ಮಾತ್ರ ಕಣ್ಣಿಗೆ ಬೀಳುತ್ತದೆ. ಆಗಲೂ "ಚಿಂತಿಗೆ ಸೊರಗ್ಯಾನ" ಅಂದುಬಿಡುತ್ತಾರೆ.

ಕ್ಯಾನ್ಸರ್ ಆಪರೇಷನ್ನಿಗೆ ಹೊರಟವರ ಮಟ್ಟಿಗೆ ಆ ಸೊರಗುವಿಕೆ ಗಡ್ಡೆಯ ಗಾತ್ರದಷ್ಟೇ ಮುಖ್ಯವಾದ ಸಂಗತಿ. ಇದು ಗೊತ್ತಾಗಿ ತೊಂಬತ್ತು ವರ್ಷವಾಗುತ್ತ ಬಂತು. 1936ರಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡಿನಲ್ಲಿ ಹಿರಾಮ್ ಸ್ಟಡ್ಲಿ ಎಂಬ ಶಸ್ತ್ರವೈದ್ಯ ಹೊಟ್ಟೆಹುಣ್ಣಿಗೆ ಆಪರೇಷನ್ ಮಾಡಿಸಿಕೊಂಡವರ ಲೆಕ್ಕ ತೆಗೆದ. ಆಪರೇಷನ್ನಿಗೆ ಮುಂಚೆ ತಮ್ಮ ತೂಕದ ಐದನೇ ಒಂದು ಭಾಗಕ್ಕಿಂತ ಹೆಚ್ಚು ಕಳೆದುಕೊಂಡಿದ್ದವರಲ್ಲಿ ಮೂವರಿಗೊಬ್ಬರು ಸತ್ತಿದ್ದರು. ಅಷ್ಟು ಇಳಿಯದವರಲ್ಲಿ ಸಾವು ನೂರಕ್ಕೆ ಮೂರೂವರೆ. ಕತ್ತಿ ಅದೇ, ಕೈ ಅದೇ, ಕಾಯಿಲೆಯೂ ಅದೇ. ಅರಿವಳಿಕೆ, ಆಂಟಿಬಯೋಟಿಕ್ ಎಲ್ಲ ಸುಧಾರಿಸಿದ ಮೇಲೆ ಸಾವಿನ ಸಂಖ್ಯೆ ಇಳಿಯಿತು. ಆದರೆ ಬಡಕಲಾದವರಿಗೆ ಅಪಾಯ ಹೆಚ್ಚು ಎಂಬ ಮಾತು ಹಾಗೆಯೇ ಉಳಿದಿದೆ.

ಆಪರೇಷನ್ ಎಂದರೆ ದೇಹದ ಪಾಲಿಗೆ ದೊಡ್ಡ ಪೆಟ್ಟು. 1930ರ ದಶಕದ ಆರಂಭದಲ್ಲಿ ಗ್ಲಾಸ್ಗೊದಲ್ಲಿ ಡೇವಿಡ್ ಕತ್‌ಬರ್ಟ್‌ಸನ್ ಕಾಲುಮೂಳೆ ಮುರಿದವರ ಮೂತ್ರ ಪರೀಕ್ಷಿಸಿ ಒಂದು ವಿಚಿತ್ರ ಕಂಡ. ಪೆಟ್ಟು ಬಿದ್ದದ್ದು ಮೂಳೆಗೆ. ಮೂತ್ರದಲ್ಲಿ ಹೋಗುತ್ತಿದ್ದುದು ಇಡೀ ಮೈಯ ಸ್ನಾಯು ಕರಗಿದ ಸಾರಜನಕ. ಗಾಯ ಮಾಯಿಸಲು, ಸೋಂಕಿನ ಎದುರು ಹೋರಾಡುವ ಜೀವಕೋಶ ತಯಾರಿಸಲು ದೇಹಕ್ಕೆ ಪ್ರೋಟೀನು ಬೇಕು. ಅದು ಊಟದಿಂದ ಬಾರದಿದ್ದರೆ ತೊಡೆ, ತೋಳು, ಎದೆಯ ಸ್ನಾಯುಗಳನ್ನು ಕರಗಿಸಿಕೊಂಡು ದೇಹ ಕೆಲಸ ನಡೆಸುತ್ತದೆ. ಮೊದಲೇ ಸ್ನಾಯು ಕಡಿಮೆ ಇದ್ದವನಿಗೆ ಕರಗಿಸಲು ಉಳಿದಿರುವುದು ಸ್ವಲ್ಪವೇ. ಹೊಲಿಗೆ ಬಿಡುತ್ತದೆ, ಕರುಳಿನ ಜೋಡಣೆ ಸೋರುತ್ತದೆ, ಕೆಮ್ಮಿ ಕಫ ಹೊರಹಾಕುವ ತ್ರಾಣವಿಲ್ಲದೆ ನ್ಯುಮೋನಿಯಾ ಹಿಡಿಯುತ್ತದೆ. ಜೀವ ಉಳಿದರೂ ಮುಂದಿನ ರೇಡಿಯೇಷನ್, ಕೀಮೊ ಹೊತ್ತಿಗೆ ಸರಿಯಾಗಿ ಶುರುವಾಗುವುದಿಲ್ಲ.

ಇದರ ಮೇಲೆ ಕ್ಯಾನ್ಸರಿನದೇ ಒಂದು ಕಿತಾಪತಿ ಇದೆ. ಗಡ್ಡೆಯೂ, ಅದರ ಎದುರು ದೇಹ ಹೂಡುವ ಉರಿಯೂತವೂ ಸೇರಿ ಹಸಿವನ್ನು ಕೊಲ್ಲುತ್ತವೆ, ಸ್ನಾಯುವನ್ನು ಕರಗಿಸುತ್ತವೆ. ಹಸಿದ ಮನುಷ್ಯ ಉಪವಾಸದಲ್ಲಿ ಹೆಚ್ಚಾಗಿ ಕೊಬ್ಬನ್ನೇ ಖರ್ಚು ಮಾಡುತ್ತಾನೆ; ಕ್ಯಾನ್ಸರ್ ರೋಗಿಯಲ್ಲಿ ಸ್ನಾಯುವೂ ಜೊತೆಗೇ ಹೋಗುತ್ತದೆ. ಹಾಗಾಗಿ "ಉಣ್ಣಾಕ ಮನಸ್ಸ ಬರವಲ್ದು" ಎಂದು ರೋಗಿ ಅಂದರೆ ಅದು ಹಟವಲ್ಲ, ಸೊಕ್ಕೂ ಅಲ್ಲ. ಮನೆಯವರು ಗದರುವುದರಿಂದ ಒಂದು ತುತ್ತೂ ಹೆಚ್ಚು ಒಳಗೆ ಹೋಗುವುದಿಲ್ಲ.

ಈಗ ಕರೂರಿನ ಕಡೆಯ ಒಬ್ಬ ಹೆಣ್ಣುಮಗಳನ್ನು ಊಹಿಸಿಕೊಳ್ಳಿ. ಐವತ್ತರ ಆಸುಪಾಸು, ಎಲೆ ಅಡಿಕೆ ತಂಬಾಕಿನ ಅಭ್ಯಾಸ, ಕೆನ್ನೆಯ ಒಳಗೆ ಮಾಯದ ಹುಣ್ಣು. ಕರ್ನಾಟಕ 2013ರಲ್ಲೇ ಗುಟ್ಕಾ ನಿಷೇಧಿಸಿದೆ. ಆದರೂ ಬಾಯಿ ಕ್ಯಾನ್ಸರ್ ಈಗಲೂ ನಮ್ಮ ದೇಶದ ಗಂಡಸರಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಕಾಣುವ ಕ್ಯಾನ್ಸರ್, ಹೆಂಗಸರೇನೂ ಅದರಿಂದ ಹೊರತಲ್ಲ. ಆಕೆ ಮೊದಲು ಸಿರುಗುಪ್ಪದ ಆಸ್ಪತ್ರೆಗೆ ಹೋಗುತ್ತಾಳೆ. ಅಲ್ಲಿಂದ ಬಳ್ಳಾರಿಯ ವಿಮ್ಸಿಗೆ (ಹೆಸರು ಬದಲಾದರೂ ಜನರ ಬಾಯಲ್ಲಿ ಅದು ವಿಮ್ಸೇ). ಚೂರು ತೆಗೆದು ಪರೀಕ್ಷೆಗೆ ಕಳಿಸುತ್ತಾರೆ, ರಿಪೋರ್ಟಿಗೆ ಕಾಯಬೇಕು. ರಿಪೋರ್ಟ್ ಕೈಗೆ ಬಂದ ಮೇಲೆ ಹುಬ್ಬಳ್ಳಿ ನವನಗರದ ಕ್ಯಾನ್ಸರ್ ಆಸ್ಪತ್ರೆಯೋ ಬೆಂಗಳೂರಿನ ಕಿದ್ವಾಯಿಯೋ ಎಂಬ ಚರ್ಚೆ ಮನೆಯಲ್ಲಿ ನಡೆಯುತ್ತದೆ. 1973ರಲ್ಲಿ ಶುರುವಾದ ಕಿದ್ವಾಯಿ ಈ ಭಾಗದವರಿಗೆ ಹಳೆಯ ಪರಿಚಯ. ರಾತ್ರಿ ಬಳ್ಳಾರಿಯಲ್ಲಿ ಹಂಪಿ ಎಕ್ಸ್‌ಪ್ರೆಸ್ ಹತ್ತಿದರೆ ಬೆಳಗಿಗೆ ಬೆಂಗಳೂರು. ಅಲ್ಲಿ ಮತ್ತೆ ಚೀಟಿ, ಮತ್ತೆ ರಕ್ತ, ಸ್ಕ್ಯಾನು, ಹೃದಯದ ಪರೀಕ್ಷೆ, ಅರಿವಳಿಕೆ ವೈದ್ಯರ ಒಪ್ಪಿಗೆ, ಬಿಪಿಎಲ್ ಕಾರ್ಡು, ಆಯುಷ್ಮಾನ್ ಮಂಜೂರಾತಿ, ಹಾಸಿಗೆ ಖಾಲಿಯಾಗುವ ದಿನ.

ಈ ಓಡಾಟದಲ್ಲಿ ಊಟ ಹೇಗೆ ಕಳೆದುಹೋಗುತ್ತದೆ ಎಂಬುದನ್ನು ಹತ್ತಿರದಿಂದ ನೋಡಬೇಕು. ಸ್ಕ್ಯಾನಿಗೆ ಖಾಲಿ ಹೊಟ್ಟೆಯಲ್ಲಿ ಬನ್ನಿ ಅನ್ನುತ್ತಾರೆ. ಬೆಳಿಗ್ಗೆ ಆರಕ್ಕೆ ಸಾಲಿನಲ್ಲಿ ಕೂತವರ ಸರದಿ ಬರುವಷ್ಟರಲ್ಲಿ ಮಧ್ಯಾಹ್ನ ಎರಡು. ಮರುದಿನ ಸಕ್ಕರೆ ಪರೀಕ್ಷೆ, ಮತ್ತೆ ಖಾಲಿ ಹೊಟ್ಟೆ. ಎಂಡೋಸ್ಕೋಪಿ ಬರೆದಿದ್ದರೆ ಇನ್ನೊಂದು ಉಪವಾಸ. ಯಂತ್ರ ಕೆಟ್ಟಿದೆ ನಾಳೆ ಬನ್ನಿ ಎಂದರೆ ಆ ದಿನದ ಉಪವಾಸವೂ ದಂಡ, ನಾಳೆಯದು ಬೇರೆ. ನಡುವೆ ಕ್ಯಾಂಟೀನಿನ ಇಡ್ಲಿ, ಬಸ್‌ಸ್ಟ್ಯಾಂಡಿನ ಬಿಸ್ಕತ್ತು, ಚಹಾ. ಜೊತೆಗೆ ಬಂದ ಮಗ ದುಡ್ಡು ಉಳಿಸಲೆಂದು ಒಂದೇ ಪ್ಲೇಟು ತರುತ್ತಾನೆ, ಇಬ್ಬರೂ ಅದನ್ನೇ ತಿನ್ನುತ್ತಾರೆ. ಊರಲ್ಲಿ ಕಷ್ಟಪಟ್ಟಾದರೂ ಮೃದುವಾಗಿ ಕಲೆಸಿ ಉಣ್ಣುತ್ತಿದ್ದ ಆಕೆ ಈ ದಿನಗಳಲ್ಲಿ ಇನ್ನೂ ಎರಡು ಮೂರು ಕಿಲೊ ಇಳಿಯುತ್ತಾಳೆ. ಕ್ಯಾನ್ಸರ್ ಗೊತ್ತಾದ ದಿನಕ್ಕಿಂತ ಆಪರೇಷನ್ ಟೇಬಲ್ ಹತ್ತುವ ದಿನ ರೋಗಿ ಹೆಚ್ಚು ಬಡವಾಗಿರುವುದು ನಮ್ಮಲ್ಲಿ ಅಪರೂಪವಲ್ಲ. ನನ್ನ ತಕರಾರು ಇರುವುದು ಇಲ್ಲೇ. ಈ ಕಾಯುವ ದಿನಗಳನ್ನು ನಾವು ವ್ಯರ್ಥ ಕಾಲ ಅಂದುಕೊಂಡಿದ್ದೇವೆ. ವಾಸ್ತವದಲ್ಲಿ ಆಪರೇಷನ್ನಿನ ಮೊದಲ ಹಂತ ಅದೇ.

ಯುರೋಪಿನ ಪೋಷಣಾ ವೈದ್ಯರ ಸಂಘ ಎಸ್ಪೆನ್ ಹೊರಡಿಸಿರುವ ಮಾರ್ಗಸೂಚಿ ಈ ವಿಷಯದಲ್ಲಿ ಸ್ಪಷ್ಟವಾಗಿದೆ. ಆರು ತಿಂಗಳಲ್ಲಿ ತೂಕ ನೂರಕ್ಕೆ ಹತ್ತು ಹದಿನೈದಕ್ಕಿಂತ ಹೆಚ್ಚು ಇಳಿದಿದ್ದರೆ, ಎತ್ತರಕ್ಕೆ ತಕ್ಕ ತೂಕದ ಅಳತೆಯಾದ ಬಿಎಂಐ 18.5ಕ್ಕಿಂತ ಕೆಳಗಿದ್ದರೆ, ಅಥವಾ ಲಿವರು ಕಿಡ್ನಿ ಚೆನ್ನಾಗಿದ್ದೂ ರಕ್ತದಲ್ಲಿ ಆಲ್ಬುಮಿನ್ ಎಂಬ ಪ್ರೋಟೀನು ಲೀಟರಿಗೆ 30 ಗ್ರಾಮಿಗಿಂತ ಕಡಿಮೆ ಇದ್ದರೆ ಆ ರೋಗಿಗೆ ತೀವ್ರ ಅಪಾಯ. ಅಂಥವರಿಗೆ ದೊಡ್ಡ ಆಪರೇಷನ್ನಿಗೆ ಮುಂಚೆ 7ರಿಂದ 14 ದಿನ ಪೋಷಣೆ ಕೊಡಿ, ಕ್ಯಾನ್ಸರ್ ಆಪರೇಷನ್ನನ್ನು ಅಷ್ಟು ದಿನ ಮುಂದೂಡಬೇಕಾಗಿ ಬಂದರೂ ಸರಿ ಎನ್ನುತ್ತದೆ ಅದು. "ಕ್ಯಾನ್ಸರ್ ಹಬ್ಬಿಬಿಟ್ಟರೆ?" ಎಂಬ ಭಯ ಸಹಜ. ಅದಕ್ಕೆ ಅವಧಿಯನ್ನು ಎರಡು ವಾರಕ್ಕೆ ಕಟ್ಟಿಹಾಕಿದ್ದಾರೆ. ನಮ್ಮಲ್ಲಂತೂ ಮುಂದೂಡುವ ಪ್ರಶ್ನೆಯೇ ಏಳುವುದಿಲ್ಲ. ಹೇಗೂ ಮೂರು ನಾಲ್ಕು ವಾರ ಕಾಯುತ್ತಲೇ ಇರುತ್ತೇವೆ, ಬರಿ ಹೊಟ್ಟೆಯಲ್ಲಿ ಕಾಯುತ್ತೇವೆ ಅಷ್ಟೆ.

ಎಷ್ಟು ಉಣ್ಣಬೇಕು? ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2020ರಲ್ಲಿ ಹೇಳಿದಂತೆ ಆರೋಗ್ಯವಂತ ವಯಸ್ಕರಿಗೆ ಮೈತೂಕದ ಕಿಲೊಗೆ ದಿನಕ್ಕೆ 0.83 ಗ್ರಾಂ ಪ್ರೋಟೀನು ಸಾಕು. ಆಪರೇಷನ್ನಿಗೆ ಹೊರಟ ಕ್ಯಾನ್ಸರ್ ರೋಗಿಗೆ ಹೆಚ್ಚುಕಡಿಮೆ ಅದರ ಇಮ್ಮಡಿ: ಕಿಲೊಗೆ ಒಂದೂವರೆ ಗ್ರಾಂ. ಜೊತೆಗೆ ಕಿಲೊಗೆ 25ರಿಂದ 30 ಕ್ಯಾಲೊರಿ. ನಾವು ಊಹಿಸಿಕೊಂಡ ಹೆಣ್ಣುಮಗಳು 50 ಕಿಲೊ ಇದ್ದರೆ ದಿನಕ್ಕೆ 75 ಗ್ರಾಂ ಪ್ರೋಟೀನು, ಸುಮಾರು 1500 ಕ್ಯಾಲೊರಿ.

ಅವಳ ಮನೆಯ ಒಲೆಯ ಮುಂದೆ ಕೂತು ಲೆಕ್ಕ ಹಾಕೋಣ. ಗಟ್ಟಿಯಿದ್ದಾಗ ಆಕೆ ಎರಡು ಜೋಳದ ರೊಟ್ಟಿ, ಎರಡು ಹೊತ್ತು ಅನ್ನ, ಒಂದು ಹಿಡಿ ಬೇಳೆಯ ಸಾರು, ಪುಂಡಿಪಲ್ಲೆ, ಎರಡು ಸಲ ಹಾಲು ಹಾಕಿದ ಚಹಾ ತೆಗೆದುಕೊಳ್ಳುತ್ತಿದ್ದಳು. ರೊಟ್ಟಿಯಿಂದ 14 ಗ್ರಾಂ, ಅಕ್ಕಿಯಿಂದ 11, ಬೇಳೆಯಿಂದ 6–7, ಹಾಲಿನಿಂದ 3. ಒಟ್ಟು ಸುಮಾರು 35 ಗ್ರಾಂ ಪ್ರೋಟೀನು. ಅಂದರೆ ಗಟ್ಟಿಯಿದ್ದಾಗಲೇ ತುಸು ಕೊರತೆ. ಈಗ ಬಾಯಿ ತೆರೆಯಲಾಗದೆ ಅರ್ಧಕ್ಕಿಳಿದಿದ್ದಾಳೆ: 17 ಗ್ರಾಂ, 600 ಕ್ಯಾಲೊರಿ. ಬೇಕಾದದ್ದು 75. ಈ ಅಂತರವನ್ನು "ಇನ್ನೊಂದು ತುತ್ತು ಉಣ್ಣಬೇ" ಎಂದು ತುಂಬಿಸಲಾಗದು, ಅನ್ನ ಎಷ್ಟು ಉಂಡರೂ ತುಂಬದು. ಇಲ್ಲಿಯೇ ಪೂರಕ ಆಹಾರದ ಮಾತು ಬರುವುದು.

ಪೂರಕ ಎಂದ ಕೂಡಲೇ ಮೆಡಿಕಲ್ ಶಾಪಿನ ಡಬ್ಬಿ ನೆನಪಾಗುತ್ತದೆ. ಮೊದಲು ಅಡುಗೆಮನೆಯನ್ನೇ ನೋಡಿ. ಎರಡು ತತ್ತಿ, 12 ಗ್ರಾಂ. ಅರ್ಧ ಲೀಟರ್ ಹಾಲು, 16. ಅದೇ ಹಾಲಿಗೆ ಎರಡು ದೊಡ್ಡ ಚಮಚ ಕೆನೆರಹಿತ ಹಾಲಿನ ಪುಡಿ ಕದಡಿದರೆ ಇನ್ನೊಂದು 7. ಐವತ್ತು ಗ್ರಾಂ ಪುಟಾಣಿ ಹಿಟ್ಟು, 11. ಒಂದು ಹಿಡಿ ಹುರಿದ ಶೇಂಗಾ, 7. ಬಟ್ಟಲು ಮೊಸರು, 6. ಕೂಡಿಸಿದರೆ 59, ಆಕೆ ಹೇಗೋ ಉಣ್ಣುತ್ತಿರುವ 17 ಸೇರಿದರೆ 76. ಕ್ಯಾಲೊರಿಯೂ 1500 ದಾಟುತ್ತದೆ. ಕರೂರಿನ ಯಾವ ಕಿರಾಣಿ ಅಂಗಡಿಯಲ್ಲೂ ಸಿಗದ ವಸ್ತು ಇದರಲ್ಲಿ ಒಂದೂ ಇಲ್ಲ, ಖರ್ಚು ದಿನಕ್ಕೆ ನೂರು ರೂಪಾಯಿಯ ಒಳಗೆ.

ಹೇಗೆ ಕೊಡುವುದು ಎಂಬುದರಲ್ಲಿ ಜಾಣತನ ಬೇಕು. ಹುಣ್ಣಾದ ಬಾಯಿಗೆ ಶೇಂಗಾ ಹಾಗೇ ಕೊಟ್ಟರೆ ಸೂಜಿಯಂತೆ ಚುಚ್ಚುತ್ತದೆ. ನುಣ್ಣಗೆ ಪುಡಿ ಮಾಡಿ, ಪುಟಾಣಿ ಹಿಟ್ಟಿನ ಜೊತೆ ಹಾಲಲ್ಲಿ ಕದಡಿ, ಬೆಲ್ಲ ಹಾಕಿ ಗಂಜಿಯ ಹದಕ್ಕೆ ಕುದಿಸಬೇಕು. ಮುಗ್ಗಿದ, ಬೂಸ್ಟು ಹಿಡಿದ ಶೇಂಗಾ ಆರಿಸಿ ಬಿಸಾಡಬೇಕು, ಆ ಬೂಸ್ಟಿನ ವಿಷ ಲಿವರಿಗೆ ಕೆಟ್ಟದ್ದು. ತತ್ತಿಯನ್ನು ಪೂರ್ತಿ ಬೇಯಿಸಿ ಗಂಜಿಯಲ್ಲಿ ಕಿವುಚಬಹುದು. ಅನ್ನವನ್ನು ಮೆತ್ತಗೆ ಮಾಡಿ ಮೇಲೊಂದು ಚಮಚ ತುಪ್ಪ. ದೊಡ್ಡ ತಾಟಿನ ಮುಂದೆ ಕೂಡಿಸಿದರೆ ಹಸಿವಿಲ್ಲದವರಿಗೆ ನೋಡಿಯೇ ಹೊಟ್ಟೆ ತುಂಬುತ್ತದೆ. ಚಿಕ್ಕ ಬಟ್ಟಲಲ್ಲಿ ಎರಡು ಗಂಟೆಗೊಮ್ಮೆ ಕೊಡಿ. ಊಟಕ್ಕೆ ಮೊದಲು ತಂಬಿಗೆ ನೀರು ಬೇಡ. ನಮ್ಮ ಭಾಗದಲ್ಲಿ ಕಷ್ಟವಾಗುವುದು ಖಾರ ಬಿಡುವುದು. ಮೆಣಸಿನಕಾಯಿ ಬೆಳೆಯುವ ನಾಡಿನಲ್ಲಿ ಖಾರವಿಲ್ಲದ್ದು ಊಟವೇ ಅಲ್ಲ. ಹುಣ್ಣಿನ ಬಾಯಿಗೆ ಆ ಖಾರ ತಾಳುವುದಿಲ್ಲ. ಜೀರಿಗೆ, ಕೊತ್ತಂಬರಿ, ತುಪ್ಪದ ಒಗ್ಗರಣೆಯಿಂದ ರುಚಿ ಹುಟ್ಟಿಸಲು ಮನೆಯವರು ಸ್ವಲ್ಪ ಒದ್ದಾಡಬೇಕಾಗುತ್ತದೆ.

ಇಷ್ಟಕ್ಕೂ ಈ ಪಟ್ಟಿಗೆ ಮೊದಲ ವಿರೋಧ ಬರುವುದು ದುಡ್ಡಿನಿಂದಲ್ಲ, ಓಣಿಯ ಹಿರಿಯರಿಂದ. ತತ್ತಿ ನಂಜು, ಶೇಂಗಾ ನಂಜು, ಬದನೆಕಾಯಿಯಂತೂ ದೊಡ್ಡ ನಂಜು. ಗಾಯ ಕೀವಾಗುತ್ತದೆ, ಹಾಲು ಕುಡಿದರೆ ಕಫ. ಆಪರೇಷನ್ ಆದವರಿಗೆ ತಿಂಗಳುಗಟ್ಟಲೆ ತಿಳಿಸಾರು ಅನ್ನದ ಪಥ್ಯ ಮಾಡಿಸುವ ಮನೆಗಳು ಈಗಲೂ ಇವೆ. ಪ್ರೀತಿಯಿಂದಲೇ ಮಾಡಿಸುತ್ತಾರೆ. ಆದರೆ ಗಾಯ ಕೀವಾಗುವುದು ರೋಗಾಣುಗಳಿಂದ, ಅವನ್ನು ಎದುರಿಸುವ ಕೋಶಗಳಿಗೆ ಬೇಕಾದದ್ದು ಪ್ರೋಟೀನು. ನಂಜೆಂದು ಬಿಡಿಸಿದ ಪಟ್ಟಿಯನ್ನೊಮ್ಮೆ ನೋಡಿ, ಬದನೆಕಾಯಿಯೊಂದನ್ನು ಬಿಟ್ಟರೆ ಉಳಿದದ್ದೆಲ್ಲ ಮನೆಯಲ್ಲಿರುವ ಒಳ್ಳೆಯ ಪ್ರೋಟೀನೇ. ಬದನೆಕಾಯಿ ಬಿಟ್ಟರೆ ನಷ್ಟವೇನಿಲ್ಲ, ಹಿರಿಯರ ಮಾತೂ ಉಳಿದಂತಾಗುತ್ತದೆ. ತತ್ತಿ ತಿನ್ನದ ಮನೆಯವರು ಹಾಲು, ಮೊಸರು, ಸೋಯಾ, ಬೇಳೆಯಿಂದಲೇ ಲೆಕ್ಕ ಸರಿದೂಗಿಸಬಹುದು.

ಇನ್ನೊಂದು ಮಾತು ಮೊಬೈಲಿನಿಂದ ಬಂದದ್ದು: ಸಕ್ಕರೆ ಕ್ಯಾನ್ಸರಿನ ಆಹಾರ, ಸಿಹಿ ಬಿಟ್ಟರೆ ಗಡ್ಡೆ ಒಣಗುತ್ತದೆ. ಊಟ ಬಿಟ್ಟರೂ ದೇಹ ರಕ್ತದ ಸಕ್ಕರೆಯನ್ನು ಖಾಲಿಯಾಗಲು ಬಿಡುವುದಿಲ್ಲ, ಸ್ನಾಯು ಕರಗಿಸಿಯಾದರೂ ತಯಾರಿಸಿಕೊಳ್ಳುತ್ತದೆ. ಸೊರಗುವುದು ರೋಗಿ, ಗಡ್ಡೆಯಲ್ಲ. ಸಕ್ಕರೆ ಕಾಯಿಲೆ ಇದ್ದವರ ಮಾತು ಬೇರೆ; ಕಿಡ್ನಿ ತೊಂದರೆ ಇದ್ದವರಿಗೆ ಪ್ರೋಟೀನಿನ ಲೆಕ್ಕವೂ ಬೇರೆ. ಅವರಿಬ್ಬರೂ ವೈದ್ಯರನ್ನೋ ಆಸ್ಪತ್ರೆಯ ಡಯಟೀಶಿಯನ್ನರನ್ನೋ ಕೇಳದೆ ಮೇಲಿನ ಪಟ್ಟಿಗೆ ಕೈ ಹಾಕಬಾರದು.

ನಮ್ಮ ಹಳ್ಳಿಗಳಲ್ಲಿ ಶಕ್ತಿಯ ಹೆಸರಲ್ಲಿ ನಡೆಯುವ ದೊಡ್ಡ ವ್ಯವಹಾರ ಸಲೈನಿನದು. ಸುಸ್ತಾದರೆ ಒಂದು ಬಾಟಲಿ, ಊಟ ಸೇರದಿದ್ದರೆ ಎರಡು. ಅರ್ಧ ಲೀಟರಿನ ಶೇ 5ರ ಗ್ಲೂಕೋಸ್ ಬಾಟಲಿಯಲ್ಲಿ ಇರುವುದು 25 ಗ್ರಾಂ ಸಕ್ಕರೆ. ಕ್ಯಾಲೊರಿ ನೂರನ್ನೂ ಮುಟ್ಟುವುದಿಲ್ಲ, ಪ್ರೋಟೀನು ಸೊನ್ನೆ. ಒಂದು ಜೋಳದ ರೊಟ್ಟಿಯಲ್ಲಿ ಅದರ ಎರಡು ಪಟ್ಟು ಕ್ಯಾಲೊರಿ, ಮೇಲೆ ಏಳು ಗ್ರಾಂ ಪ್ರೋಟೀನು. ಮೈಯ ನೀರು ಬತ್ತಿದವರಿಗೆ, ವಾಂತಿಭೇದಿ ಆದವರಿಗೆ ಸಲೈನು ಬೇಕು, ಅನುಮಾನವಿಲ್ಲ. ಕ್ಯಾನ್ಸರ್ ರೋಗಿಯ ತೂಕ ಏರಿಸಲು ಅದನ್ನು ಹಾಕಿಸುವುದು ದುಡ್ಡನ್ನು ನರಕ್ಕೆ ಚುಚ್ಚಿದ ಹಾಗೆ. ನರದ ಮೂಲಕವೇ ಪೂರ್ತಿ ಆಹಾರ ಕೊಡುವ ವಿಧಾನವೊಂದಿದೆ; 1960ರ ದಶಕದ ಕೊನೆಗೆ ಅಮೆರಿಕದ ಸ್ಟ್ಯಾನ್ಲಿ ಡಡ್ರಿಕ್ ಅದನ್ನು ಸಾಧಿಸಿ ತೋರಿಸಿದ. ಅದು ಕರುಳು ಕೆಲಸವನ್ನೇ ಮಾಡದವರಿಗೆ, ದೊಡ್ಡ ಆಸ್ಪತ್ರೆಯಲ್ಲಿ. ಆಪರೇಷನ್ನಿಗೆ ಮುಂಚೆ ಸೊರಗಿದವರಿಗೆಲ್ಲ ಅದನ್ನು ಕೊಟ್ಟರೆ ಹೇಗೆ ಎಂದು ಅಮೆರಿಕದ ಮಾಜಿ ಸೈನಿಕರ ಆಸ್ಪತ್ರೆಗಳು 395 ರೋಗಿಗಳ ಮೇಲೆ ಪರೀಕ್ಷಿಸಿ 1991ರಲ್ಲಿ ಫಲಿತಾಂಶ ಪ್ರಕಟಿಸಿದವು. ತೀರಾ ಬಡಕಲಾದವರಿಗೆ ಮಾತ್ರ ಉಪಯೋಗವಾಯಿತು. ಉಳಿದವರಲ್ಲಿ ಸೋಂಕು ಹೆಚ್ಚಿತು.

ಹಾಗಾದರೆ ಡಬ್ಬಿಗಳು? ಬಾಯಿಯಿಂದ ಸಾಕಷ್ಟು ಉಣ್ಣಲಾಗದವರಿಗೆ, ತಯಾರಿಸಿ ಕೊಡುವವರಿಲ್ಲದವರಿಗೆ, ಧರ್ಮಶಾಲೆಯ ಮೂಲೆಯಲ್ಲಿ ಒಲೆಯಿಲ್ಲದೆ ಇರುವವರಿಗೆ ಅವು ನಿಜಕ್ಕೂ ಉಪಯುಕ್ತ. ಲೋಟ ಬಿಸಿನೀರು ಇದ್ದರೆ ಸಾಕು. ಆದರೆ ಎಲ್ಲ ಡಬ್ಬಿಯೂ ಒಂದೇ ಅಲ್ಲ. ಮಕ್ಕಳು ಹಾಲಿಗೆ ಬೆರೆಸಿ ಕುಡಿಯುವ ಮಾಲ್ಟ್ ಪುಡಿಗಳಲ್ಲಿ ಸಕ್ಕರೆಯ ಪಾಲು ದೊಡ್ಡದು, ಪ್ರೋಟೀನಿನದು ಚಿಕ್ಕದು. 2024ರಲ್ಲಿ ಕೇಂದ್ರ ಸರ್ಕಾರ ಇಂಥ ಪೇಯಗಳನ್ನು ಆನ್‌ಲೈನ್ ಅಂಗಡಿಗಳ "ಆರೋಗ್ಯ ಪೇಯ" ವಿಭಾಗದಿಂದ ತೆಗೆಯಲು ಹೇಳಿತು. ರೋಗಿಗಳಿಗೆಂದೇ ತಯಾರಾದ ಪುಡಿಗಳ ಮೇಲೆ ವೈದ್ಯರ ಸಲಹೆಯಂತೆ ಮಾತ್ರ ಬಳಸಿ ಎಂದು ಮುದ್ರಿಸಲೇಬೇಕು. ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ 2016ರಲ್ಲಿ ಮಾಡಿದ ನಿಯಮ ಅದು. ಡಬ್ಬಿಯ ಮುಂಭಾಗದ ಚಿತ್ರ ಬಿಟ್ಟು ಹಿಂಭಾಗದಲ್ಲಿ ನೂರು ಗ್ರಾಮಿಗೆ ಪ್ರೋಟೀನು ಎಷ್ಟು ಎಂಬ ಒಂದು ಸಾಲು ಓದಿ. ಪುಟಾಣಿಯಲ್ಲಿ ನೂರಕ್ಕೆ 22 ಇದೆ, ಶೇಂಗಾದಲ್ಲಿ 25. ಅದಕ್ಕಿಂತ ಕಡಿಮೆ ಇರುವ ಡಬ್ಬಿಗೆ ಸಾಲ ಮಾಡಬೇಕಾಗಿಲ್ಲ.

ಶೇಂಗಾ–ಕಡಲೆಯ ಈ ಜೋಡಿ ನನ್ನ ಕಲ್ಪನೆಯದಲ್ಲ. 1950ರಲ್ಲಿ ಮೈಸೂರಿನ ಚೆಲುವಾಂಬ ಅರಮನೆಯಲ್ಲಿ ಶುರುವಾದ ಕೇಂದ್ರ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ, ಅದರ ಮೊದಲ ನಿರ್ದೇಶಕ ಡಾ. ವಿ. ಸುಬ್ರಹ್ಮಣ್ಯನ್ ಅವರ ಕಾಲದಲ್ಲೇ ಎಣ್ಣೆ ತೆಗೆದ ಶೇಂಗಾ ಹಿಟ್ಟು ಮುಕ್ಕಾಲು ಪಾಲು, ಕಡಲೆ ಹಿಟ್ಟು ಕಾಲು ಪಾಲು ಬೆರೆಸಿ, ಜೀವಸತ್ವ ಸೇರಿಸಿ "ಇಂಡಿಯನ್ ಮಲ್ಟಿಪರ್ಪಸ್ ಫುಡ್" ಎಂಬ ಪುಡಿ ತಯಾರಿಸಿತು. ಪ್ರೋಟೀನು ನೂರಕ್ಕೆ ನಲವತ್ತರ ಮೇಲೆ. ಅಪೌಷ್ಟಿಕ ಮಕ್ಕಳಿಗಾಗಿ ಮಾಡಿದ್ದು ಅದು. ಅಷ್ಟು ಅಗ್ಗದ, ಅಷ್ಟು ಒಳ್ಳೆಯ ಪುಡಿ ಇಂದು ಆಸ್ಪತ್ರೆಯ ಎದುರಿನ ಅಂಗಡಿಗಳಲ್ಲಿ ಕಾಣುವುದಿಲ್ಲ ಎಂಬುದು ನಮ್ಮ ಆಹಾರ ವಿಜ್ಞಾನದ ಸೋಲಲ್ಲ, ಜಾಹೀರಾತಿನ ಗೆಲುವು.

ಕೆಲವು ದುಬಾರಿ ಪುಡಿಗಳಲ್ಲಿ ಅರ್ಜಿನಿನ್, ಮೀನೆಣ್ಣೆಯ ಒಮೆಗಾ-3, ನ್ಯೂಕ್ಲಿಯೊಟೈಡ್ ಎಂಬ ಅಂಶ ಸೇರಿಸಿರುತ್ತಾರೆ. ರೋಗನಿರೋಧಕ ಶಕ್ತಿಗೆ ಇಂಬು ಕೊಡುವ ಪೋಷಣೆ ಎನ್ನುತ್ತಾರೆ ಇದಕ್ಕೆ. 2002ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಇಟಲಿಯ ಮಿಲಾನಿನಲ್ಲಿ ಜೀರ್ಣಾಂಗಗಳ ಕ್ಯಾನ್ಸರಿಗೆ ಆಪರೇಷನ್ ಆಗಬೇಕಿದ್ದ 305 ಜನರಲ್ಲಿ ಕೆಲವರಿಗೆ ಅದರ ಮುಂಚಿನ ಐದು ದಿನ ಇದನ್ನು ಕುಡಿಸಿದರು. ಕುಡಿಯದವರಲ್ಲಿ ನೂರಕ್ಕೆ ಸುಮಾರು 30 ಜನರಿಗೆ ಸೋಂಕಾದರೆ, ಮುಂಚೆ ಕುಡಿದವರಲ್ಲಿ ಸುಮಾರು 14. ಮುಂದೆ ನಡೆದ ಅಧ್ಯಯನಗಳು ಎಲ್ಲವೂ ಇಷ್ಟು ಖುಷಿಯ ಫಲಿತಾಂಶ ಕೊಡಲಿಲ್ಲ. ಅನ್ನನಾಳ, ಜಠರ, ಮೇದೋಜ್ಜೀರಕದಂಥ ದೊಡ್ಡ ಆಪರೇಷನ್ನಿನಲ್ಲಿ, ಬಡಕಲಾದವರಿಗೆ, ವೈದ್ಯರು ಬರೆದರೆ ಕೊಡಿಸಿ. ಬರೆಯದಿದ್ದರೆ ಕೊರಗಬೇಡಿ. ಊಟದ ಲೆಕ್ಕವೇ ತುಂಬದಿರುವಾಗ ಅರ್ಜಿನಿನ್ ಹಿಂದೆ ಓಡುವುದು ನನಗಂತೂ ಸರಿಕಾಣುವುದಿಲ್ಲ.

ಮಾತ್ರೆ, ಎಲೆ, ರಸಗಳ ಬಗ್ಗೆ ಎರಡೇ ಮಾತು. ಕೊರತೆ ಇದ್ದಾಗ ಕಬ್ಬಿಣ, ಬಿ12, ವಿಟಮಿನ್ ಡಿ ಬೇಕು, ವೈದ್ಯರು ಪರೀಕ್ಷಿಸಿ ಕೊಡುತ್ತಾರೆ. ಹೆಚ್ಚು ಪ್ರಮಾಣದ ಆಂಟಿ-ಆಕ್ಸಿಡೆಂಟ್ ಮಾತ್ರೆ ಕ್ಯಾನ್ಸರನ್ನು ತಡೆಯುತ್ತದೆ ಎಂಬ ನಂಬಿಕೆಯನ್ನು ಫಿನ್ಲೆಂಡಿನಲ್ಲಿ 29,133 ಧೂಮಪಾನಿಗಳ ಮೇಲೆ ಪರೀಕ್ಷಿಸಿದಾಗ ಬೀಟಾ ಕೆರೋಟಿನ್ ನುಂಗಿದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಹೆಚ್ಚಾಗಿತ್ತು; 1994ರ ವರದಿ. ಲಕ್ಷ್ಮಣ ಫಲದ ರಸ, ಗೋಧಿ ಹುಲ್ಲಿನ ರಸದಿಂದ ಹೊಟ್ಟೆಯ ಜಾಗ ತುಂಬುತ್ತದೆ, ಪ್ರೋಟೀನು ಬರುವುದಿಲ್ಲ. ಏನೇ ತೆಗೆದುಕೊಳ್ಳುತ್ತಿದ್ದರೂ ಅರಿವಳಿಕೆ ವೈದ್ಯರಿಗೆ ಮುಚ್ಚಿಡಬೇಡಿ, ಕೆಲವು ಮೂಲಿಕೆ ಮಾತ್ರೆಗಳು ರಕ್ತ ಹೆಪ್ಪುಗಟ್ಟುವುದನ್ನು ತಡೆಯುತ್ತವೆ.

ಎಚ್ಚರಿಕೆಯೊಂದನ್ನು ಮಾತ್ರ ಒತ್ತಿ ಹೇಳಬೇಕು. ವಾರಗಟ್ಟಲೆ ಏನೂ ತಿನ್ನದೆ ಮೂಳೆ ಕಾಣುವಂತಾದವರಿಗೆ ಒಮ್ಮೆಲೇ ಪೂರ್ತಿ ಊಟ ಸುರಿಯಬಾರದು. ರಕ್ತದ ಫಾಸ್ಫೇಟ್, ಪೊಟ್ಯಾಶಿಯಂ ದಿಢೀರನೆ ಕುಸಿದು ಹೃದಯಕ್ಕೇ ಸಂಚಕಾರ ಬರಬಹುದು. ಎರಡನೇ ಮಹಾಯುದ್ಧದಲ್ಲಿ ಸೆರೆಯಲ್ಲಿ ಹಸಿದು ಬಿಡುಗಡೆಯಾದ ಸೈನಿಕರಲ್ಲಿ ಇದನ್ನು ಕಂಡಿದ್ದಾರೆ. ಅಂಥವರಿಗೆ ಆಸ್ಪತ್ರೆಯಲ್ಲೇ, ಥಯಾಮಿನ್ ಕೊಟ್ಟು, ರಕ್ತ ಪರೀಕ್ಷಿಸುತ್ತ, ಸ್ವಲ್ಪ ಸ್ವಲ್ಪವಾಗಿ ಏರಿಸಬೇಕು.

ಆಪರೇಷನ್ನಿನ ಹಿಂದಿನ ರಾತ್ರಿಯಿಂದ ನೀರನ್ನೂ ಮುಟ್ಟಬೇಡಿ ಎಂಬುದು ಹಳೆಯ ಪದ್ಧತಿ. ಈಗಿನ ಮಾರ್ಗಸೂಚಿ ಗಟ್ಟಿ ಆಹಾರಕ್ಕೆ ಆರು ಗಂಟೆ, ತಿಳಿನೀರಿಗೆ ಎರಡು ಗಂಟೆ ಎನ್ನುತ್ತದೆ. ಹಾಲು ಹಾಕಿದ ಚಹಾ ತಿಳಿನೀರಿನ ಲೆಕ್ಕಕ್ಕೆ ಬರುವುದಿಲ್ಲ. ಅನ್ನನಾಳ, ಜಠರ ಕಟ್ಟಿಕೊಂಡವರಿಗೆ ಈ ರಿಯಾಯಿತಿ ಇಲ್ಲ. ಹಾಗಾಗಿ ಕೊನೆಯ ಮಾತು ಅರಿವಳಿಕೆ ವೈದ್ಯರದೇ. "ನನ್ನದು ನಾಳೆ ಎಷ್ಟನೆಯ ಕೇಸು ಸಾರ್, ಎಷ್ಟೊತ್ತಿನವರೆಗೆ ನೀರು ಕುಡಿಯಬಹುದು?" ಎಂದು ಕೇಳುವುದರಲ್ಲಿ ತಪ್ಪೇನಿಲ್ಲ. ಆಪರೇಷನ್ ಆದ ಮೇಲೂ ಗ್ಯಾಸ್ ಹೋಗುವವರೆಗೆ ಮೂರು ನಾಲ್ಕು ದಿನ ಉಪವಾಸ ಕೆಡವುತ್ತಿದ್ದ ರೂಢಿಯನ್ನು ಡೆನ್ಮಾರ್ಕಿನ ಹೆನ್ರಿಕ್ ಕೆಲೆಟ್ 1990ರ ದಶಕದಲ್ಲಿ ಪ್ರಶ್ನಿಸಿದರು. ಈಗ ಬಹುತೇಕ ಆಪರೇಷನ್ನುಗಳಲ್ಲಿ 24 ಗಂಟೆಯೊಳಗೆ ಬಾಯಿಂದಲೋ ನಳಿಗೆಯಿಂದಲೋ ಆಹಾರ ಶುರು ಮಾಡುತ್ತಾರೆ.

ಬಾಯಿ ಕ್ಯಾನ್ಸರಿನವರಿಗೆ ಮೂಗಿನಿಂದ ಹೊಟ್ಟೆಗೆ ಇಳಿಬಿಡುವ ರೈಲ್ಸ್ ಟ್ಯೂಬು ಮನೆಗೂ ಬರಬಹುದು. ಪೈಪು ನೋಡಿದರೆ ಮನೆಯವರಿಗೆ ಎದೆ ಧಸಕ್ಕೆನ್ನುತ್ತದೆ, ಇನ್ನೇನು ಮುಗಿಯಿತು ಎಂದುಕೊಳ್ಳುತ್ತಾರೆ. ಗಾಯಕ್ಕೆ ವಿಶ್ರಾಂತಿ ಕೊಟ್ಟು ಹೊಟ್ಟೆ ತುಂಬಿಸುವ ದಾರಿ ಅದು. ತೆಳ್ಳಗೆ ಕುದಿಸಿ ಎರಡು ಸಲ ಸೋಸಿದ ಗಂಜಿ, ಹಾಲು, ಹಾಲಿನ ಪುಡಿ, ಡಯಟೀಶಿಯನ್ ಹೇಳಿದ ಪುಡಿ. ರೋಗಿಯನ್ನು ಎತ್ತರಕ್ಕೆ ಒರಗಿಸಿ ಕೂಡಿಸಿ ನಿಧಾನವಾಗಿ ಬಿಡಬೇಕು, ಕೊನೆಗೆ ನೀರು ಹಾಯಿಸಿ ನಳಿಗೆ ತೊಳೆಯಬೇಕು, ತಕ್ಷಣ ಮಲಗಿಸಬಾರದು. ಬರೀ ಅಕ್ಕಿಗಂಜಿಯ ತಿಳಿ ಬಿಟ್ಟುಕೊಂಡು ಕೂತರೆ ರೋಗಿ ನಳಿಗೆ ಇದ್ದೂ ಉಪವಾಸ. ಇದನ್ನೆಲ್ಲ ನರ್ಸಮ್ಮ ಡಿಸ್ಚಾರ್ಜಿನ ಗಡಿಬಿಡಿಯಲ್ಲಿ ಐದು ನಿಮಿಷದಲ್ಲಿ ಹೇಳಿ ಮುಗಿಸಿದರೆ ಸಾಲದು. ಮನೆಯವರ ಕೈಯಲ್ಲೇ ಒಮ್ಮೆ ಮಾಡಿಸಿ ನೋಡಿ ಕಳಿಸುವುದು ಲೇಸು.

ಸರ್ಕಾರದ ಕೆಲಸ ಇಲ್ಲಿ ಏನೂ ಇಲ್ಲವೇ? ಕ್ಷಯ ರೋಗಿಗಳಿಗೆ 2018ರಿಂದ ನಿಕ್ಷಯ್ ಪೋಷಣ್ ಯೋಜನೆಯಲ್ಲಿ ತಿಂಗಳಿಗೆ 500 ರೂಪಾಯಿ ಕೊಡುತ್ತಿದ್ದರು, 2024ರ ನವೆಂಬರಿನಿಂದ ಅದು 1000 ಆಗಿದೆ. ಅಂಥ ರೋಗಿಗಳಿಗೆ ಆಹಾರ ಕೊಟ್ಟರೆ ಏನಾಗುತ್ತದೆ ಎಂದು ಜಾರ್ಖಂಡಿನಲ್ಲಿ ಅಳೆದು ತೋರಿಸಿದವರಲ್ಲಿ ನಮ್ಮ ಮಂಗಳೂರಿನ ಯೆನೆಪೋಯ ವೈದ್ಯಕೀಯ ಕಾಲೇಜಿನ ಡಾ. ಅನುರಾಗ್ ಭಾರ್ಗವ ಮುಂದಿದ್ದರು. ಅಕ್ಕಿ, ಬೇಳೆ, ಹಾಲಿನ ಪುಡಿ, ಎಣ್ಣೆ ಇದ್ದ ಬುತ್ತಿಯನ್ನು ತಿಂಗಳು ತಿಂಗಳು ಕೊಟ್ಟಾಗ ಮೊದಲ ಎರಡು ತಿಂಗಳಲ್ಲಿ ತೂಕ ಏರಿದ ರೋಗಿಗಳಲ್ಲಿ ಸಾವು ಕಡಿಮೆಯಾಗಿತ್ತು. 2023ರಲ್ಲಿ ಅದು ಲ್ಯಾನ್ಸೆಟ್ ಪತ್ರಿಕೆಗಳಲ್ಲಿ ಪ್ರಕಟವಾಯಿತು. ಕ್ಷಯ ಬೇರೆ, ಕ್ಯಾನ್ಸರ್ ಬೇರೆ, ಒಪ್ಪೋಣ. ಆದರೂ ಆಯುಷ್ಮಾನ್ ಯೋಜನೆ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಆಪರೇಷನ್ ಖರ್ಚು ಹೊರುತ್ತದೆ, ದಾಖಲಾದ ಮೇಲಿನ ಊಟವನ್ನೂ ಕೊಡುತ್ತದೆ. ದಾಖಲಾಗುವ ಮುಂಚಿನ ಮೂರು ನಾಲ್ಕು ವಾರ ಮಾತ್ರ ಯಾರ ಲೆಕ್ಕದಲ್ಲೂ ಇಲ್ಲ. ನೂರು ರೂಪಾಯಿಯ ದಿನದ ಲೆಕ್ಕ ಹಿಡಿದರೂ ತಿಂಗಳಿಗೆ ಮೂರು ಸಾವಿರ. ಅದನ್ನು ತಲುಪಿಸುವ ದಾರಿಯೂ ಈಗಾಗಲೇ ಇದೆ: 2021ರ ಡಿಸೆಂಬರಿನಲ್ಲಿ ಬಳ್ಳಾರಿಯೂ ಸೇರಿ ಕಲ್ಯಾಣ ಕರ್ನಾಟಕದ ಜಿಲ್ಲೆಗಳ ಶಾಲೆಗಳಿಗೇ ರಾಜ್ಯದಲ್ಲಿ ಮೊದಲು ಮೊಟ್ಟೆ ಬಂದದ್ದು. ಬಯಾಪ್ಸಿ ರಿಪೋರ್ಟಿನಲ್ಲಿ ಕ್ಯಾನ್ಸರ್ ಎಂದು ಬಂದ ದಿನವೇ ರೋಗಿಯ ಹೆಸರು ಊರಿನ ಆಶಾ ಕಾರ್ಯಕರ್ತೆಗೆ ತಲುಪಿದರೆ, ಶಾಲೆಗೂ ಅಂಗನವಾಡಿಗೂ ಮೊಟ್ಟೆ, ಹಾಲಿನ ಪುಡಿ ಹೋಗುವ ದಾರಿಯಲ್ಲೇ ಆ ಮನೆಯ ಪಾಲೂ ಹೋಗಬಹುದು.